ಮೀಸೆಯ ಮಿಸ್ಸು

ಜಾತ್ರೆ ಮುಗಿದು, ತೇರು ತನ್ನ ನೆಲೆ ಸೇರಿ, ಬತ್ತಾಸು ಕಡಲೆಪುರಿಯ ಅಂಗಡಿಯವರು ತಟ್ಟಿಗಳನ್ನು ಬಿಚ್ಚಿ ಗಾಡಿಗೆ ಹೇರುತ್ತಿರುವ ಹೊತ್ತಿನಲ್ಲಿ, ಹೊಸ ಪಂಚೆಯುಟ್ಟು, ಹಣೆಗೆ ನಾಮವೆಳೆದು, ತೇರಿಗೆ ಎಸೆಯಲೆಂದು ಹಣ್ಣು ದವನಗಳನ್ನು ಕೈಯಲ್ಲಿ ಹಿಡಿದು ಓಡೋಡಿ ಬರುವ ಭಕ್ತನ ಸ್ಥಿತಿ ಏನಾಗುವುದೋ, 2025ನೆಯ ಇಸವಿಯ ಮಾರ್ಚಿ ತಿಂಗಳಿನಲ್ಲಿ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಒಂದು ಶಿಶುವರ್ಗಕ್ಕೆ ಅಭ್ಯಾಸಬೋಧನೆಗೆಂದು ಹೋಗಿ ನಿಂತ ನನ್ನ ಸ್ಥಿತಿಯೂ ಅದೇ ಆಯಿತು. ಪಾಠಗಳು ಮುಗಿದಿದ್ದವು. ಪದ್ಯಗಳು ಮುಗಿದಿದ್ದವು. ಬಣ್ಣದ ಕಡ್ಡಿಗಳು ಸವೆದು ಉಗುರಿನಷ್ಟಾಗಿದ್ದವು. ಗೋಡೆಯ ಮೇಲಿನ ವರ್ಣಮಾಲೆಯ ಪಟದಲ್ಲಿ ಙಕಾರ ಞಕಾರಗಳಿದ್ದ ಮೂಲೆ ಹರಿದುಹೋಗಿದ್ದು, ಆ ಅಕ್ಷರಗಳಿಲ್ಲದೆಯೂ ಒಂದು ವರ್ಷದ ವಿದ್ಯಾಭ್ಯಾಸ ನಿರ್ವಿಘ್ನವಾಗಿ ನೆರವೇರಿತ್ತು.

ಇಷ್ಟು ತಡವಾದುದಕ್ಕೆ ಕಾರಣ ನನ್ನ ಆಲಸ್ಯವಲ್ಲ. ಕನ್ನಡ ಎಂ.ಎ. ಮಾಡಿ, ಪಂಪ ರನ್ನರನ್ನು ಓದಿ, ಉಪನ್ಯಾಸಕನಾಗುವ ಅರ್ಜಿಗಳನ್ನು ಹಾಕುತ್ತ ಹಾಕುತ್ತ ಮೂವತ್ತನಾಲ್ಕು ವರ್ಷ ತುಂಬಿದ ಮೇಲೆ, ದೊಡ್ಡವರಿಗೆ ಕಲಿಸುವ ಯೋಗವಿಲ್ಲದಿದ್ದರೆ ಚಿಕ್ಕವರಿಗಾದರೂ ಕಲಿಸೋಣವೆಂಬ ಉದಾತ್ತ ನಿರ್ಧಾರದಿಂದ ನಾನು ಶಿಶುಶಿಕ್ಷಣದ ತರಬೇತಿಗೆ ಸೇರಿದೆ. ತರಗತಿಯಲ್ಲಿ ಉಳಿದವರೆಲ್ಲ ಹೆಣ್ಣುಮಕ್ಕಳು, ಗಂಡಸು ನಾನೊಬ್ಬನೇ. ಅವರಿಗೆಲ್ಲ ಜೂನ್ ತಿಂಗಳಲ್ಲಿಯೇ ಶಾಲೆಗಳು ದೊರೆತವು. ಮೀಸೆಯುಳ್ಳವನೊಬ್ಬನನ್ನು ಶಿಶುವರ್ಗದೊಳಕ್ಕೆ ಬಿಟ್ಟುಕೊಳ್ಳಲು ಒಪ್ಪುವ ಶಾಲೆಯನ್ನು ಹುಡುಕುವಷ್ಟರಲ್ಲಿ ಆಷಾಢ ಕಳೆಯಿತು, ದಸರಾ ರಜೆ ಮುಗಿಯಿತು, ಸಂಕ್ರಾಂತಿಯ ಎಳ್ಳು ಬೀರಿದ್ದಾಯಿತು, ಶಿವರಾತ್ರಿಯ ಜಾಗರಣೆಯೂ ಆಗಿಹೋಯಿತು.

ಒಳಗೆ ಕಾಲಿಟ್ಟ ಕೂಡಲೆ ಮಕ್ಕಳೆಲ್ಲ ಎದ್ದು ನಿಂತು, ರಾಗವಾಗಿ, “ನಮಸ್ತೇ ಮಿಸ್ಸ್” ಎಂದವು. ನಾನು ಹಿಂತಿರುಗಿ ನೋಡಿದೆ. ನನ್ನ ಹಿಂದೆ ಯಾವ ಸ್ತ್ರೀಯೂ ಇರಲಿಲ್ಲ. ಪಾಠ ಹೇಳುವ ಪ್ರಾಣಿಗೆ ಮಿಸ್ಸು ಎಂದು ಹೆಸರು, ಆ ಪ್ರಾಣಿಯಲ್ಲಿ ಲಿಂಗಭೇದವಿಲ್ಲ ಎಂಬುದು ಆ ವರ್ಗದ ಸಿದ್ಧಾಂತ. ಕೇಶಿರಾಜನ ಶಿಷ್ಯಪರಂಪರೆಯವನಾದ ನಾನು ಎರಡು ದಿನ ‘ಸಾರ್’ ಎನ್ನಿಸಲು ಪ್ರಯತ್ನಪಟ್ಟೆ. ಮೂರನೆಯ ದಿನ ಒಂದು ಹುಡುಗಿ ನನ್ನ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿ, ಕನಿಕರದಿಂದ, “ಮಿಸ್ಸು, ನಿಮ್ಗ್ಯಾಕೆ ಮೀಸೆ ಬಂದದೆ?” ಎಂದು ಕೇಳಿದಳು. ಅಂದಿನಿಂದ ನಿಜವಾದ ಉಪಾಧ್ಯಾಯಿನಿ ‘ದೊಡ್ ಮಿಸ್ಸು’, ನಾನು ‘ಮೀಸೆ ಮಿಸ್ಸು’. ದೊಡ್ಡ ಮಿಸ್ಸು ಇಪ್ಪತ್ತು ವರ್ಷಗಳಿಗೂ ಮಿಕ್ಕ ಸೇವೆಯ ಸಾಧ್ವಿ. ನಾನು ಮೇಡಂ ಎನ್ನುವೆನು, ಅವರು ಸಾರ್ ಎನ್ನುವರು. ಹೀಗೆ ನನ್ನ ಪುರುಷತ್ವಕ್ಕೆ ಆ ಕೊಠಡಿಯಲ್ಲಿ ಒಬ್ಬರಾದರೂ ಸಾಕ್ಷಿಯಿದ್ದರು.

ವರ್ಷಾರಂಭದಲ್ಲಿ ಹೋದವರು ಅಳುವ ಮಕ್ಕಳನ್ನು ಕಾಣುವರಂತೆ. ನಾನು ಕಂಡದ್ದು ನಿವೃತ್ತಿಗೆ ಮೂರು ವಾರ ಉಳಿದಿರುವ ಹಿರಿಯ ಗುಮಾಸ್ತರನ್ನು. ಯಾವ ಕಡತ ಎಲ್ಲಿದೆ, ಯಾರ ಚೀಲದಲ್ಲಿ ಚಕ್ಕುಲಿಯಿದೆ, ಯಾವ ನಲ್ಲಿ ತಿರುಗಿಸಿದರೆ ನೀರು ಬರುವುದಿಲ್ಲ, ಎಷ್ಟು ಹೊತ್ತಿಗೆ ಒಂದಕ್ಕೆ ಬಂತೆಂದರೆ ಪದ್ಯ ತಪ್ಪಿಸಿಕೊಳ್ಳಬಹುದು, ಎಲ್ಲವೂ ಅವರಿಗೆ ಕರತಲಾಮಲಕ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಜವಾನ. “ಅಲ್ಲಿ ಮಡಗ್ಬ್ಯಾಡಿ ಮಿಸ್ಸು, ಇಲ್ಲಿ ಮಡಗಿ” ಎಂದು ನನಗೆ ಸೀಮೆಸುಣ್ಣದ ಡಬ್ಬಿಯ ಸ್ಥಾನವನ್ನು ತೋರಿಸಿಕೊಟ್ಟವನಿಗೆ ಇನ್ನೂ ಆರು ವರ್ಷ ತುಂಬಿರಲಿಲ್ಲ.

ಆ ಮಹನೀಯರ ಪೈಕಿ ಒಬ್ಬನನ್ನು ನಾನು ಮರೆಯಲಾರೆ. ನಾನು ಹೋದ ಮೊದಲ ಮೂರು ದಿನವೂ ಹಾಜರಿಯಲ್ಲಿ ಅವನ ಹೆಸರಿನ ಮುಂದೆ ಸೊನ್ನೆ ಬಿದ್ದಿತ್ತು. ನಾಲ್ಕನೆಯ ದಿನ ಬಂದ. ಕೆಂಪು ಅಂಗಿ, ಮಹದೇಶ್ವರನ ಬೆಟ್ಟಕ್ಕೆ ಹೋಗಿ ಶಿವರಾತ್ರಿಗೆ ಮುಡಿ ಕೊಟ್ಟು ಬಂದ ನುಣುಪಾದ ತಲೆ. ಬಾಲಮನಶ್ಶಾಸ್ತ್ರದ ಪುಸ್ತಕದಲ್ಲಿ ಹೇಳಿದ್ದಂತೆ ಅವನ ಎತ್ತರಕ್ಕೆ ಕುಕ್ಕರಿಸಿ ಕುಳಿತು, “ಯಾಕಪ್ಪ ಮೂರು ದಿನ ಬರಲಿಲ್ಲ?” ಎಂದೆ.

“ಮೂರ್ನೇ ಜ್ವರ ಎದ್ದಿದ್ವು ಮಿಸ್ಸು. ಈಗ ನಾಕ್ನೇ ಜ್ವರ.”

ನನ್ನ ಎದೆ ಧಸಕ್ಕೆಂದಿತು. ಒಂದು ತಿಂಗಳಲ್ಲಿ ನಾಲ್ಕು ಸಲ ಜ್ವರ ಬಂದ ಮಗುವನ್ನು ಶಾಲೆಗೆ ಕಳುಹಿಸಿದ ತಾಯಿತಂದೆಯರ ಮೇಲೆ ಕೋಪವೂ ಬಂದಿತು. “ಔಷಧ ಕೊಟ್ಟರೇನು?”

“ಸುಣ್ಣ ಎರಚುದ್ರು.”

“ಸುಣ್ಣವೇ! ಊಟ?”

“ಜ್ವರಕ್ ಕೂತ್ಮೇಲೆ ಸೊಪ್ಪು ತಿನ್ನಾಕಿಲ್ಲ ಮಿಸ್ಸು” ಎಂದು ನನ್ನ ಅಜ್ಞಾನಕ್ಕೆ ನಿಟ್ಟುಸಿರುಬಿಟ್ಟ.

ನಾನು ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಹಣೆ ತಣ್ಣಗಾಗುವುದು ಇನ್ನೂ ಅಪಾಯದ ಲಕ್ಷಣವೆಂದು ಎಲ್ಲಿಯೋ ಓದಿದ ನೆನಪಾಗಿ, ಅವನನ್ನು ಎತ್ತಿಕೊಂಡು ದೊಡ್ಡ ಮಿಸ್ಸಿನ ಬಳಿಗೆ ಓಡಿ, ಈ ಮಗುವನ್ನು ತಕ್ಷಣ ಚನ್ನಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಬೇಕೆಂದೂ, ಮನೆಯವರು ಸುಣ್ಣ ಎರಚಿ ಸೊಪ್ಪು ತಿನ್ನಿಸುತ್ತಿರುವರೆಂದೂ ಏದುಸಿರಿನಲ್ಲಿ ವರದಿಮಾಡಿದೆ. ಆ ತಾಯಿ ಕುರ್ಚಿ ಹಿಡಿದುಕೊಂಡು ನಕ್ಕದ್ದು ಪಕ್ಕದ ಕೊಠಡಿಯ ಎರಡನೆಯ ತರಗತಿಯ ಮಗ್ಗಿಯನ್ನು ನಿಲ್ಲಿಸಿತು.

ಜ್ವರ ಬಂದುದು ರೇಷ್ಮೆಹುಳುವಿಗೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ರೇಷ್ಮೆಯೆಂದರೆ ಮದುವೆಯ ಸೀರೆ. ಅದಕ್ಕೂ ಹಿಂದೆ ಒಂದು ಬಾಳುವೆಯಿದೆ ಎಂಬುದು ತಿಳಿದಿರಲಿಲ್ಲ. ಹುಳು ತನ್ನ ಆಯುಷ್ಯದಲ್ಲಿ ನಾಲ್ಕು ಸಲ ಪೊರೆ ಬಿಡುವುದು. ಆಗ ಮೇವು ತೊರೆದು, ತಲೆಯೆತ್ತಿ, ಧ್ಯಾನಸ್ಥವಾಗಿ ಕೂಡುವುದು. ಅದಕ್ಕೆ ಈ ಸೀಮೆಯಲ್ಲಿ ‘ಜ್ವರಕ್ಕೆ ಕೂತಿದೆ’ ಎನ್ನುವರು, ಪೊರೆ ಕಳಚಿ ಚೇತರಿಸಿಕೊಂಡರೆ ‘ಜ್ವರ ಎದ್ದಿದೆ’ ಎನ್ನುವರು. ಹಾಸು ಒಣಗಿರಲೆಂದು ಮೇಲೆ ಸುಣ್ಣದ ಪುಡಿ ಉದುರಿಸುವರು. ನಾಲ್ಕನೆಯ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ ಅದು ತಿನ್ನುವ ಸೊಪ್ಪು ಅಲ್ಲಿಯವರೆಗೆ ತಿಂದ ಒಟ್ಟು ಸೊಪ್ಪನ್ನು ಎಷ್ಟೋ ಪಟ್ಟು ಮೀರಿಸುವುದು. ಹೀಗಾಗಿ ಹುಳು ಮೇಯುವ ದಿನಗಳಲ್ಲಿ ಮನೆಯವರಿಗೆಲ್ಲ ತೋಟದಲ್ಲಿ ಕೆಲಸ, ಮಗುವಿಗೆ ತಲೆ ಬಾಚಿ ಹೊರಡಿಸುವವರಿಲ್ಲ. ಅಂದಹಾಗೆ ಈ ಮಗುವಿಗೆ ಬಾಚಲು ತಲೆಗೂದಲೂ ಇರಲಿಲ್ಲವೆನ್ನಿ. ಹುಳು ಜ್ವರಕ್ಕೆ ಕೂತರೆ ಮನೆಗೆ ಬಿಡುವು, ಆ ಬಿಡುವಿನಲ್ಲಿ ಇವನಿಗೆ ಶಾಲೆ. ಹಾಜರಿ ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡಿದರೆ ಆ ಮನೆಯ ವರ್ಷದ ಬೆಳೆಗಳಷ್ಟೂ ಸೊನ್ನೆಗಳ ರೂಪದಲ್ಲಿ ಅಲ್ಲಿದ್ದವು. ನನ್ನ ದಿನಚರಿಯ ‘ಮಗುವಿನ ಆರೋಗ್ಯಸ್ಥಿತಿ’ ಎಂಬ ಕಲಮಿನಲ್ಲಿ ಬರೆದಿದ್ದ ಎಂಟು ಸಾಲನ್ನು ಹೊಡೆದುಹಾಕಿದೆ.

ಈ ಶಿಶುವರ್ಗವೆಂಬ ಪದ್ಧತಿಗೆ ಮೂಲಪುರುಷನಾದವನು ಜರ್ಮನಿಯ ಫ್ರೋಬೆಲ್. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ನಾಮಕರಣ ಮಾಡಿದನು. 1851ರಲ್ಲಿ ಪ್ರಷ್ಯಾದ ಸರ್ಕಾರ ಅವನನ್ನೂ, ಸಮಾಜವಾದಿಯಾಗಿದ್ದ ಅವನ ಸೋದರನ ಮಗನನ್ನೂ ಒಬ್ಬನೆಂದೇ ಗೊಂದಲ ಮಾಡಿಕೊಂಡು, ಈ ತೋಟಗಳು ರಾಜ್ಯಕ್ಕೆ ಅಪಾಯಕಾರಿಯೆಂದು ನಿಷೇಧಿಸಿಬಿಟ್ಟಿತು. ಮರುವರ್ಷವೇ ಫ್ರೋಬೆಲ್ ತೀರಿಕೊಂಡನು. ನಿಷೇಧ ತೆರವಾದದ್ದು 1860ರಲ್ಲಿ. ತರಬೇತಿಯ ಕಾಲೇಜಿನಲ್ಲಿ ಇದನ್ನು ಓದುವಾಗ ಆ ಸರ್ಕಾರದ ಮೂಢತನಕ್ಕೆ ನಾವೆಲ್ಲರೂ ಮರುಗಿದ್ದೆವು. ಹೊಂಗನೂರಿನಲ್ಲಿ ಒಂದು ದಿನ ದೊಡ್ಡ ಮಿಸ್ಸು ರಜೆ ಹಾಕಿ, ಇಪ್ಪತ್ತೇಳು ಮಂದಿಯೊಡನೆ ನಾನೊಬ್ಬನೇ ಬೆಳಗಿನ ಹತ್ತರಿಂದ ಮಧ್ಯಾಹ್ನದವರೆಗೆ ಕಳೆದ ಮೇಲೆ, ಆ ಮಂತ್ರಿಗಳು ಅಷ್ಟೇನೂ ಅವಿವೇಕಿಗಳಲ್ಲ ಎನ್ನಿಸಿತು.

ಫ್ರೋಬೆಲ್ ಮಹಾಶಯನು ಮಕ್ಕಳಿಗೆ ಕೊಡಬೇಕೆಂದು ವಿಧಿಸಿದ ಆಟಿಕೆಗಳಲ್ಲಿ ಮೊದಲನೆಯದು ಉಣ್ಣೆಯ ಚೆಂಡುಗಳು. ಎರಡನೆಯದು ಮರದ ಗೋಲ, ಸ್ತಂಭ ಮತ್ತು ಘನ. ನನ್ನ ಪಾಠವನ್ನು ವೀಕ್ಷಿಸಲು ಕಾಲೇಜಿನಿಂದ ಪ್ರಾಧ್ಯಾಪಕರು ಬರುವ ದಿನ ಗೊತ್ತಾದಾಗ ನಾನು ಆರಿಸಿಕೊಂಡದ್ದು ಇದೇ ವಿಷಯವನ್ನು. ಚನ್ನಪಟ್ಟಣದಲ್ಲಿ ಬಸ್ಸು ಬದಲಾಯಿಸುವ ನನಗೆ ಉಪಕರಣಗಳಿಗೇನು ಬರ? ಹಾಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ, ಉಳಿಯಿಂದ ತರೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ತಾನೇ ಕರಗಿ ಮರವನ್ನು ಹೊದೆದುಕೊಳ್ಳುವ ಆ ಕೌಶಲವನ್ನು ಅಂಗಡಿಯ ಹಿಂದೆ ನಿಂತು ಅರ್ಧ ಗಂಟೆ ನೋಡಿ, ಬಸ್ಸನ್ನೂ ತಪ್ಪಿಸಿಕೊಂಡು, ಹಳದಿಯ ಗೋಲ, ಹಸುರಿನ ಘನ, ಕೆಂಪಿನ ಸ್ತಂಭಗಳನ್ನು ಕೊಂಡೆ. ರಾತ್ರಿ ಹನ್ನೊಂದರವರೆಗೆ ಕುಳಿತು ಪಾಠಯೋಜನೆ ಬರೆದೆ: ಸಾಮಾನ್ಯ ಉದ್ದೇಶ, ನಿರ್ದಿಷ್ಟ ಉದ್ದೇಶ, ಪೀಠಿಕೆ, ವಿಷಯ ಮಂಡನೆ, ಪುನರಾವರ್ತನೆ, ಮೌಲ್ಯಮಾಪನ. ಮಗು ಏನೆನ್ನುವುದೆಂಬುದಕ್ಕೂ ಒಂದು ಕಲಮು ಇದೆ. ‘ನಿರೀಕ್ಷಿತ ಉತ್ತರ’ ಎಂದು ಅದರ ಹೆಸರು.

ಪ್ರಾಧ್ಯಾಪಕರು ಬಂದರು. ಅಲ್ಲಿ ಇದ್ದವೆಲ್ಲ ಮಕ್ಕಳ ಕುರ್ಚಿಗಳಾದುದರಿಂದ ಅದರಲ್ಲೊಂದನ್ನು ಅಲಂಕರಿಸಿದರು. ಮೊಣಕಾಲುಗಳು ಗದ್ದದ ಮಟ್ಟಕ್ಕೆ ಬಂದು, ಅಂಕದ ಹಾಳೆಯನ್ನು ಎಲ್ಲಿಟ್ಟು ಬರೆಯಬೇಕೆಂಬುದು ಅವರಿಗೆ ಕಡೆಯವರೆಗೂ ಬಗೆಹರಿಯಲಿಲ್ಲ. ಗೋಲ ಸಾಂಗವಾಗಿ ಮುಗಿಯಿತು. ನಾನು ಕೆಂಪು ಸ್ತಂಭವನ್ನು ಎತ್ತಿ ಹಿಡಿದು, “ಮಕ್ಕಳೇ, ಇದು ಏನು?” ಎಂದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು, ಅವಳ ಚಿಕ್ಕಮ್ಮ ಬೊಂಬೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವಳೆಂಬುದು ಆಮೇಲೆ ತಿಳಿದುಬಂದಿತು, ವಸ್ತುವನ್ನು ಕಣ್ಣು ಕಿರಿದುಮಾಡಿ ನೋಡಿ, “ಇನ್ನೂ ಬುಗುರಿ ಆಗಿಲ್ಲ ಮಿಸ್ಸು” ಎಂದಳು.

ಇದು ನಿರೀಕ್ಷಿತ ಉತ್ತರವಾಗಿರಲಿಲ್ಲ. “ಇದರ ಆಕಾರ ಸ್ತಂಭಾಕೃತಿ” ಎಂದು ಸ್ಪಷ್ಟವಾಗಿ ಉಚ್ಚರಿಸಿದೆ. ಇಪ್ಪತ್ತಾರು ಮುಖಗಳು ಕೆರೆಯ ನೀರಿನಂತೆ ನಿಶ್ಚಲವಾಗಿದ್ದವು. ಇನ್ನೊಮ್ಮೆ ಹೇಳಿದೆ, ಒಬ್ಬನು ಆಕಳಿಸಿದನು. ಪ್ರಾಧ್ಯಾಪಕರ ಲೇಖನಿ ಚಲಿಸತೊಡಗಿತು. ಕನ್ನಡದ ಮೇಲಿನ ನನ್ನ ನಿಷ್ಠೆ ಆ ಲೇಖನಿಯ ಸಪ್ಪಳಕ್ಕೆ ಕುಸಿದುಬಿದ್ದು, “ಸಿಲಿಂಡರ್!” ಎಂದೆ.

ಕೊಠಡಿಗೆ ಜೀವ ಬಂದಿತು. “ಸಿಲಿಂಡ್ರು! ಸಿಲಿಂಡ್ರು!” “ನಮ್ಮನೇದು ಖಾಲಿಯಾಗದೆ ಮಿಸ್ಸು!” “ನಮ್ಮನೇಲಿ ಎಲ್ಡವೆ!” “ನಮ್ಮವ್ವ ಉಲ್ಡಾಕುದ್ರು, ಆಮೇಲೆ ಒಂದಿನ ಉರೀತು!” “ನಮ್ಮಜ್ಜಿ ಸೌದೇಲೇ ಮುದ್ದೆ ತೊಳುಸ್ತದೆ!” ಒಬ್ಬನು ಎದ್ದುನಿಂತು, ಸಿಲಿಂಡರ್ ಹೊರುವವನು ಅದನ್ನು ಗೇಟಿನಿಂದ ಅಡಿಗೆಮನೆಯವರೆಗೆ ಉರುಳಿಸಿಕೊಂಡು ಹೋಗುವ ಬಗೆಯನ್ನು ತನ್ನ ಪಕ್ಕದವನನ್ನೇ ಉರುಳಿಸಿ ತೋರಿಸಿದನು. ಸ್ತಂಭವು ಉರುಳುವುದು, ಘನವು ಉರುಳದು ಎಂಬುದೇ ನನ್ನ ನಿರ್ದಿಷ್ಟ ಉದ್ದೇಶವಾಗಿದ್ದುದರಿಂದ ಪಾಠ ಗುರಿ ಮುಟ್ಟಿತೆಂದೇ ನನ್ನ ವಾದ. ಪ್ರಾಧ್ಯಾಪಕರು ‘ತೃಪ್ತಿಕರ’ ಎಂದು ಬರೆದು, ಕುರ್ಚಿಯಿಂದ ತಮ್ಮನ್ನು ಬಿಡಿಸಿಕೊಂಡು, ಹೊರಗೆ ಬಂದ ಮೇಲೆ ಮೆಲ್ಲನೆ, “ಅದಿರಲಿ, ಈ ಕಡೆ ಬುಕ್ ಮಾಡಿದರೆ ಎಷ್ಟು ದಿನಕ್ಕೆ ಕೊಡುತ್ತಾರಂತೆ?” ಎಂದು ವಿಚಾರಿಸಿದರು.

ಇನ್ನು ಪದವೀಪ್ರದಾನದ ಪ್ರಕರಣ. ಯು.ಕೆ.ಜಿ. ಮುಗಿಸಿದ ಮಕ್ಕಳಿಗೆ ಕರಿಯ ನಿಲುವಂಗಿ ತೊಡಿಸಿ, ಚೌಕದ ಟೋಪಿಯಿಟ್ಟು, ದಾರ ಕಟ್ಟಿದ ಕಾಗದದ ಸುರುಳಿಯನ್ನು ಕೈಗೆ ಕೊಟ್ಟು ‘ಗ್ರಾಜುಯೇಷನ್ ಡೇ’ ಆಚರಿಸುವ ಸಂಪ್ರದಾಯ ಪಟ್ಟಣಗಳಿಂದ ಹಳ್ಳಿಗಳವರೆಗೆ ಈಚೆಗೆ ಹಬ್ಬಿರುವುದು. ಯೂರೋಪಿನ ಹಳೆಯ ವಿದ್ಯಾಪೀಠಗಳ ಕಲ್ಲಿನ ಕಟ್ಟಡಗಳಲ್ಲಿ ಚಳಿಗೆ ನಡುಗುತ್ತಿದ್ದ ಪಂಡಿತರು ಹೊದೆದುಕೊಂಡ ಆ ಉಡುಪನ್ನು ಯುಗಾದಿಯ ಹಿಂದುಮುಂದಿನ ರಾಮನಗರದ ಸೀಮೆಯ ಬಿಸಿಲಿನಲ್ಲಿ ತೊಡಿಸುವುದರ ಔಚಿತ್ಯವನ್ನು ನಾನು ಸಭೆಯಲ್ಲಿ ಪ್ರಶ್ನಿಸಿದೆ. ಪ್ರಶ್ನಿಸಿದವನಿಗೇ ನಿಲುವಂಗಿ ತರುವ ಕೆಲಸ ಬಿದ್ದಿತು.

ಕುರುಕ್ಷೇತ್ರ ನಾಟಕಕ್ಕೆ ಕಿರೀಟ, ಗದೆ, ಭುಜಕೀರ್ತಿಗಳನ್ನು ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಅವು ದೊರೆತವು. ಮಾಲೀಕನು ಭೀಮನ ಗದೆಗೂ ದುರ್ಯೋಧನನ ಸಿಂಹಾಸನಕ್ಕೂ ನಡುವಣ ಪೆಟ್ಟಿಗೆಯಿಂದ ಇಪ್ಪತ್ತೇಳು ನಿಲುವಂಗಿ, ಇಪ್ಪತ್ತೇಳು ಟೋಪಿ, ಇಪ್ಪತ್ತೇಳು ಗೊಂಡೆಗಳನ್ನು ಎಣಿಸಿ ಕೊಟ್ಟು, ಗೊಂಡೆ ಕಳೆದರೆ ಒಂದಕ್ಕೆ ನಲವತ್ತು ರೂಪಾಯಿ ಎಂದು ಎಚ್ಚರಿಸಿದನು. ಬಟ್ಟೆಯಿಂದ ಮುಖವರ್ಣದ, ಬೆವರಿನ, ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಕೌರವರ ಪಕ್ಷದವರು ಪದವಿ ಪಡೆದಂತಿತ್ತು. ನಾನು ಸ್ವತಃ ನನ್ನ ಎರಡು ಪದವಿಗಳನ್ನೂ ಶುಲ್ಕ ಕಟ್ಟಿ, ಗೈರುಹಾಜರಿಯಲ್ಲಿ, ಅಂಚೆಯ ಮೂಲಕ ತರಿಸಿಕೊಂಡವನು. ರಾತ್ರಿ ಕೊಠಡಿಯಲ್ಲಿ ಯಾರೂ ಇಲ್ಲದಾಗ ಒಂದು ಟೋಪಿಯನ್ನು ತಲೆಯ ಮೇಲಿಟ್ಟುಕೊಂಡು ಕನ್ನಡಿ ನೋಡಿದೆನೆಂಬುದನ್ನು ವಾಚಕರಲ್ಲಿ ಮುಚ್ಚಿಡುವುದೇಕೆ? ಅದು ನನ್ನ ನೆತ್ತಿಯ ಮೇಲೆ ತಟ್ಟೆಯಂತೆ ಕುಳಿತಿತು.

ಸಮಾರಂಭ ಯಥೋಚಿತವಾಗಿ ನಡೆಯಿತು. ಮುಖ್ಯ ಅತಿಥಿಗಳು ತಡವಾಗಿ ಬಂದರು, ದೀರ್ಘವಾಗಿ ಮಾತನಾಡಿದರು. ದೊಡ್ಡವರಾದ ಮೇಲೆ ಏನಾಗುವಿರಿ ಎಂಬ ಪ್ರಶ್ನೆಗೆ ಹೇಳಿಕೊಟ್ಟಂತೆ ಹದಿನಾಲ್ಕು ಮಂದಿ ವೈದ್ಯರೂ ಒಂಬತ್ತು ಮಂದಿ ಎಂಜಿನಿಯರುಗಳೂ ಆದರು. ಇಬ್ಬರು ಅತ್ತರು. ಒಬ್ಬಳು ಬೆವರು ತಾಳಲಾರದೆ ವೇದಿಕೆಯ ಮೇಲೆಯೇ ನಿಲುವಂಗಿ ಬಿಚ್ಚಿ ಅತಿಥಿಗಳ ಕೈಗೆ ಕೊಟ್ಟಳು. ಲೆಕ್ಕ ಹಾಕಿದವರಿಗೆ ಒಬ್ಬನು ಕಡಿಮೆಯೆಂಬುದು ತಿಳಿದಿರಬಹುದು. ನನ್ನ ಕೆಂಪಂಗಿಯವನು ಬಂದಿರಲಿಲ್ಲ.

ಅವನು ಬಂದದ್ದು ಶಾಮಿಯಾನ ಬಿಚ್ಚಿ, ಕುರ್ಚಿಗಳನ್ನು ಒಂದರ ಮೇಲೊಂದು ಅಡಕಿ, ನಾನು ನಿಲುವಂಗಿಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ. ಅಜ್ಜಿಯ ಕೈ ಹಿಡಿದಿದ್ದ. ಅಜ್ಜಿಯ ಬೆರಳುಗಳು ಸೊಪ್ಪಿನ ಕರೆಯಿಂದ ಕಪ್ಪಾಗಿದ್ದವು. “ಹುಳ ಹಣ್ಣಾಗ್ಬುಟ್ವು ಸ್ವಾಮಿ, ಎಲ್ಲ ಒಂದೇ ದಪ. ಚಂದ್ರಿಕೆಗೆ ಬುಡೋರು ಯಾರು? ಕೂಸು ನೆನ್ನೆಯಿಂದ ಟೋಪಿ ಟೋಪಿ ಅಂತ ಒಂದೇ ಸಮ” ಎಂದು ಆಕೆ ಸೆರಗಿನಿಂದ ಮುಖ ಒರಸಿಕೊಂಡರು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ತಟ್ಟಿಗೇ ಚಂದ್ರಿಕೆಯೆಂದು ಹೆಸರು.

ಚೀಲ ಬಿಚ್ಚಿದೆ. ಅತಿ ಚಿಕ್ಕ ನಿಲುವಂಗಿಯನ್ನು ಹುಡುಕಿ ತೊಡಿಸಿದೆ. ನುಣ್ಣನೆಯ ತಲೆಯ ಮೇಲೆ ಟೋಪಿ ನಿಲ್ಲಲಿಲ್ಲ, ಎರಡು ಕೈಯಲ್ಲಿ ಹಿಡಿದುಕೊಳ್ಳೆಂದೆ. ಕೈಗಳೆರಡೂ ಟೋಪಿಗೆ ಮೀಸಲಾದುದರಿಂದ ಪದವಿಯ ಸುರುಳಿಯನ್ನು ಅವನ ಕಂಕುಳಿಗೆ ಸಿಕ್ಕಿಸಿದೆ. ಅತಿಥಿಗಳಿಲ್ಲ, ಧ್ವನಿವರ್ಧಕವಿಲ್ಲ. ದೊಡ್ಡ ಮಿಸ್ಸು ಚಪ್ಪಾಳೆ ತಟ್ಟಿದರು. ವಿಧಿಗೆ ಲೋಪ ಬಾರದಿರಲೆಂದು ನಾನು, “ದೊಡ್ಡವನಾದ ಮೇಲೆ ಏನು ಮಾಡುತ್ತೀಯಪ್ಪ?” ಎಂದು ಕೇಳಿದೆ.

“ಗೂಡು ಬುಡುಸ್ಬೇಕು ಮಿಸ್ಸು” ಎಂದ. ನನಗೆ ಅರ್ಥವಾಯಿತೋ ಇಲ್ಲವೋ ಎಂಬ ಅನುಮಾನದಿಂದ, “ಇನ್ನೈದು ದಿನಕ್ಕೆ” ಎಂದು ಸೇರಿಸಿದ.

ಟೋಪಿಯನ್ನು ಹಿಂದಕ್ಕೆ ಕೊಡುವಾಗ ಗೊಂಡೆಯನ್ನು ಮಾತ್ರ ಕೊಡಲಿಲ್ಲ. ಅದನ್ನು ಮುಷ್ಟಿಯಲ್ಲಿ ಹಿಡಿದು, ತನ್ನ ಮನೆಯ ಕರುವಿನ ಹಣೆಗೆ ಕಟ್ಟಬೇಕೆಂದ. ಅಜ್ಜಿ ಗದರಿಸಿದರು, ದೊಡ್ಡ ಮಿಸ್ಸು ರಮಿಸಿದರು. ನಾನು ಬಾಲಮನಶ್ಶಾಸ್ತ್ರದಲ್ಲಿ ಹೇಳಿದ ಮೂರು ಉಪಾಯಗಳನ್ನು ಅನುಕ್ರಮವಾಗಿ ಪ್ರಯೋಗಿಸಿದೆ. ಗೊಂಡೆ ಅವನ ಮನೆಗೇ ಹೋಯಿತು.

ಪದವಿ ಪಡೆದವರಲ್ಲಿ ಒಬ್ಬಳಿಗೆ ಒಂದನೆಯ ತರಗತಿಗೆ ಹೋಗುವ ಅರ್ಹತೆಯೇ ಇರಲಿಲ್ಲವೆಂಬುದು ಈ ಕಥೆಯ ಇನ್ನೊಂದು ಎಳೆ. ಬುಗುರಿಯನ್ನು ಗುರುತಿಸಿದ ಆ ಹುಡುಗಿ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬುದು ಆ ಸಾಲಿನಿಂದ ಬಂದ ನಿಯಮ. ಅವಳಿಗೆ ಕೆಲವು ತಿಂಗಳು ಸಾಲದು. ನಿಲುವಂಗಿ ತೊಟ್ಟು ಪದವೀಧರೆಯಾದವಳು ಜೂನಿನಲ್ಲಿ ಮತ್ತೆ ಅದೇ ಕುರ್ಚಿಯ ಮೇಲೆ ಕೂಡಬೇಕು. ತಂದೆ ಬಂದು, ದಿನಾಂಕ ತಿದ್ದಲು ಬರುವುದೇ ಎಂದು ನನ್ನನ್ನು ಮರೆಗೆ ಕರೆದು ಕೇಳಿದರು. ನಾನು ಮೀಸೆ ತಿರುವುತ್ತ ನಿಯಮದ ಪಾವಿತ್ರ್ಯವನ್ನು ವಿವರಿಸಿದೆ. ಬೇಸಗೆಯ ರಜೆ ಶುರುವಾದ ಮೇಲೆ, ಏಪ್ರಿಲ್ 16ರಂದು, ಯು.ಕೆ.ಜಿ. ಮುಗಿಸಿದವರಿಗೆ ಆ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾಗಿದ್ದರೆ ಸಾಕೆಂದು ಶಿಕ್ಷಣ ಮಂತ್ರಿಗಳು ಘೋಷಿಸಿದರು. ನಿಯಮದ ಪಾವಿತ್ರ್ಯದ ವಿಷಯದಲ್ಲಿ ನಾನು ಅಂದಿನಿಂದ ಯಾರಿಗೂ ಏನನ್ನೂ ವಿವರಿಸಿಲ್ಲ.

ಮೇ 29ರಂದು ಶಾಲೆ ತೆರೆದ ಮೇಲೆ, ದಿನಚರಿಗೆ ಕೊನೆಯ ರುಜು ಹಾಕಿಸಿಕೊಳ್ಳಲು ಮತ್ತೊಮ್ಮೆ ಹೊಂಗನೂರಿಗೆ ಹೋದೆ. ಅದರ ಪ್ರತಿಯೊಂದು ಪುಟದಲ್ಲಿಯೂ ನಾನು ದುಂಡಾದ ಅಕ್ಷರಗಳಲ್ಲಿ ರಾಮನಗರ ಜಿಲ್ಲೆ ಎಂದು ಬರೆದಿದ್ದೆ. ಒಂದು ವಾರದ ಹಿಂದೆ, ಮೇ 22ರಂದು, ಸಚಿವ ಸಂಪುಟವು ಆ ಜಿಲ್ಲೆಯನ್ನು ಬೆಂಗಳೂರು ದಕ್ಷಿಣವೆಂದು ಕರೆಯಲು ತೀರ್ಮಾನಿಸಿತ್ತು. ನಾನು ಕೈಯಿಟ್ಟ ಯಾವುದೂ ಹೆಸರುಳಿಸಿಕೊಳ್ಳುವುದಿಲ್ಲವೆಂದುಕೊಳ್ಳುತ್ತ ಅಂಗಳ ದಾಟುವಾಗ ಒಂದನೆಯ ತರಗತಿಯ ಕಿಟಕಿಯಿಂದ, “ಮೀಸೆ ಮಿಸ್ಸು! ಮೀಸೆ ಮಿಸ್ಸು!” ಎಂದು ಕೂಗು ಕೇಳಿಬಂತು. ಬುಗುರಿಯ ಹುಡುಗಿ ಮುಂದಿನ ಸಾಲಿನಲ್ಲಿಯೇ ಇದ್ದಳು. ಕೆಂಪಂಗಿಯವನು ಸಮವಸ್ತ್ರದಲ್ಲಿದ್ದ, ತಲೆಯಲ್ಲಿ ಅರ್ಧ ಅಂಗುಲ ಕೂದಲು ಬಂದಿತ್ತು. ಆ ದಿನ ಹಾಜರಿದ್ದನೆಂದರೆ ಮನೆಯಲ್ಲಿ ಹುಳು ಜ್ವರಕ್ಕೆ ಕೂತಿರಬೇಕೆಂದು ನಾನೇ ಊಹಿಸಿಕೊಂಡೆ.

ಬಾಡಿಗೆಯಂಗಡಿಯವನು ಮುಂಗಡದಲ್ಲಿ ವಜಾ ಮಾಡಿಕೊಂಡ ನಲವತ್ತು ರೂಪಾಯಿಯ ನೆನಪು ನನಗೆ ಹೋಗಿರಲಿಲ್ಲ. ಕಿಟಕಿಯ ಸರಳಿಗೆ ಬಾಯಿಟ್ಟು, “ಗೊಂಡೆ ಎಲ್ಲಿ?” ಎಂದು ಕೇಳಿದೆ.

“ಕರ ತಿಂದ್ಬುಡ್ತು ಮಿಸ್ಸು” ಎಂದ.